ಲಕೋಟೆಯಿಂದ ಅಂಚೆಚೀಟಿ ಬಿಡಿಸುವ ಬಗೆ

ನನಗೆ ಬಳಸಿದ ಅಂಚೆಚೀಟಿಗಳೇ ಇಷ್ಟ. ಹೊಸ ಚೀಟಿ ನೋಡೋಕೆ ಚಂದ, ನಿಜ. ಆದರೆ ಬಳಸಿದ್ದು ಯಾರದೋ ಕಾಗದವನ್ನು ಇನ್ಯಾರದೋ ಮನೆ ಮುಟ್ಟಿಸಿ ಬಂದಿರುತ್ತದೆ. ಅದರ ಗುರುತೇ ಮೇಲಿರುವ ಮುದ್ರೆ. ಸಂಜೆ ಒಂದು ಬಟ್ಟಲು ನೀರು, ನಾಲ್ಕಾರು ಲಕೋಟೆ ಇಟ್ಟುಕೊಂಡು ಕೂತರೆ ದಿನದ ಗಡಿಬಿಡಿಯೆಲ್ಲ ಇಳಿದುಹೋಗುತ್ತದೆ.

ನೀರಿಗೆ ಹಾಕುವ ಮುಂಚೆ ಮುದ್ರೆ ನೋಡಿ. ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ ಬಿದ್ದು, ಊರು ಮತ್ತು ತಾರೀಕು ಸ್ಪಷ್ಟವಾಗಿ ಓದುವ ಹಾಗಿದ್ದರೆ ದಯವಿಟ್ಟು ಬಿಡಿಸಬೇಡಿ. ಲಕೋಟೆಯನ್ನು ಹಾಗೇ ಇಡಿ. ಹಳೆಯ ಲಕೋಟೆ, ಚೀಟಿ ಬಿಡುಗಡೆಯಾದ ದಿನದ್ದೇ ಮುದ್ರೆಯಿರುವ ಲಕೋಟೆ ಇವಕ್ಕೂ ಕತ್ತರಿ ತಾಗಿಸಬಾರದು.

ಮುದ್ರೆಗೆ ಇಷ್ಟು ಬೆಲೆ ಯಾಕೆ ಅಂತೀರಾ? ಬ್ರಿಟನ್ನಿನಲ್ಲಿ 1840ರ ಮೇ ತಿಂಗಳಲ್ಲಿ ಬಂದ ಪೆನ್ನಿ ಬ್ಲ್ಯಾಕ್ ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ. ಅದರ ಮೇಲೆ ಕೆಂಪು ಶಾಯಿಯಲ್ಲಿ ಮುದ್ರೆ ಒತ್ತುತ್ತಿದ್ದರು. ಕಪ್ಪು ಚೀಟಿಯ ಮೇಲೆ ಕೆಂಪು ಸರಿಯಾಗಿ ಕಾಣುತ್ತಿರಲಿಲ್ಲ. ಜತೆಗೆ ಅದನ್ನು ಅಳಿಸಿ ಚೀಟಿಯನ್ನು ಮತ್ತೆ ಬಳಸುವವರ ಭಯ. ಹಾಗಾಗಿ 1841ರಲ್ಲಿ ಚೀಟಿಯನ್ನು ಕೆಂಪು ಮಾಡಿ, ಮುದ್ರೆಯನ್ನು ಕಪ್ಪು ಮಾಡಿದರು. ಮುದ್ರೆ ಎದ್ದು ಕಾಣಲಿ ಅಂತ ಚೀಟಿಯ ಬಣ್ಣವನ್ನೇ ಬದಲಿಸಿದರು ಅಲ್ವಾ, ಅದು ನನಗೆ ತುಂಬಾ ಹಿಡಿಸಿದ ವಿಷಯ.

ಸರಿ, ಬಿಡಿಸಬಹುದಾದ್ದನ್ನು ಆರಿಸಿಕೊಂಡಿರಿ ಅನ್ನೋಣ. ಚೀಟಿಯ ಸುತ್ತ ಒಂದು ಬೆರಳಗಲ ಕಾಗದ ಬಿಟ್ಟು ಕತ್ತರಿಸಿ. ತೀರಾ ಒತ್ತಿ ಕತ್ತರಿಸಿದರೆ ಅಂಚಿನ ಹಲ್ಲು ಹೋಗುತ್ತದೆ. ಒಂದು ಹಲ್ಲು ಹೋದರೂ ಚೀಟಿ ಊನವೇ. ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆ ಇಡಿ. ಕೆಂಪು, ಹಸಿರು ಕಾಗದ ನೀರಲ್ಲಿ ಬಣ್ಣ ಬಿಟ್ಟು ಪಕ್ಕದ ಚೀಟಿಗೂ ಹತ್ತಿಸುತ್ತದೆ.

ಅಗಲವಾದ ಬಟ್ಟಲಿಗೆ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಹಾಕಿ. ಬಿಸಿ ನೀರು ಬೇಡ. ಚಿತ್ರ ಮೇಲೆ ಬರುವ ಹಾಗೆ ತುಂಡುಗಳನ್ನು ತೇಲಿಬಿಡಿ, ಒಂದರ ಮೇಲೊಂದು ಬೀಳದಿರಲಿ. ಹದಿನೈದು ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟುಬಿಡಿ. ಎಷ್ಟೋ ಚೀಟಿಗಳು ತಾವಾಗಿಯೇ ಜಾರಿ ಕಾಗದದಿಂದ ಕಳಚಿಕೊಳ್ಳುತ್ತವೆ. ಹಾಗಾಗದಿದ್ದರೆ ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ. ಬಿಗಿ ಅನಿಸಿದರೆ ಮತ್ತೆ ನೀರಿಗೆ. ಎಳೆಯಲೇಬೇಕಾದರೆ ಚೀಟಿ ಹಿಡಿದು ಎಳೆಯಬೇಡಿ, ಅದರ ಹಿಂದಿನ ಕಾಗದವನ್ನು ಸುಲಿಯಿರಿ. ನೆನೆದ ಚೀಟಿಗೆ ಕಸುವೇ ಇರುವುದಿಲ್ಲ, ಮೂಲೆ ಹಿಡಿದರೆ ಮೂಲೆ ಕೈಗೆ ಬರುತ್ತದೆ.

ಬಿಟ್ಟ ಮೇಲೆ ಹಿಂಬದಿಯನ್ನು ಬೆರಳಿನಿಂದ ಸವರಿ. ಲೋಳೆಲೋಳೆ ಅನಿಸಿದರೆ ಅಂಟು ಇನ್ನೂ ಉಳಿದಿದೆ ಅಂತ. ಇನ್ನೊಂದು ಬಟ್ಟಲಿನ ಶುದ್ಧ ನೀರಲ್ಲಿ ಒಮ್ಮೆ ಆಡಿಸಿ ತೆಗೆಯಿರಿ. ಎಷ್ಟು ನೆನೆಸಿದರೂ ಜಗ್ಗದ ಚೀಟಿಗಳೂ ಇವೆ. ಈಚಿನ ಸ್ಟಿಕರ್ ಥರದ ಕೆಲವು ಚೀಟಿಗಳ ಅಂಟು ನೀರಿಗೆ ಕರಗುವುದೇ ಇಲ್ಲ. ಅವುಗಳ ಜತೆ ಗುದ್ದಾಡಬೇಡಿ. ಸುತ್ತಲಿನ ಕಾಗದವನ್ನು ಚೌಕಾಕಾರವಾಗಿ ಕತ್ತರಿಸಿ ಹಾಗೇ ಆಲ್ಬಮ್ಮಿಗೆ ಹಾಕಿ.

ಒಣಗಿಸುವುದಕ್ಕೆ ಬಿಳಿ ಕಾಗದ ಅಥವಾ ಬ್ಲಾಟಿಂಗ್ ಪೇಪರ್ ಸಾಕು. ಸುದ್ದಿಪತ್ರಿಕೆ ಬೇಡ, ಅದರ ಶಾಯಿ ಹತ್ತಿಕೊಳ್ಳುತ್ತದೆ. ಚಿತ್ರ ಕೆಳಗೆ ಮಾಡಿ ಹರಡಿ. ಆಗ ಅಂಟಿನ ಪಸೆ ಉಳಿದಿದ್ದರೂ ಕಾಗದಕ್ಕೆ ಕಚ್ಚಿಕೊಳ್ಳುವುದಿಲ್ಲ. ಒಣಗಿದಾಗ ಚೀಟಿಗಳು ಸುರುಳಿ ಸುತ್ತಿಕೊಳ್ಳುತ್ತವೆ, ಗಾಬರಿ ಬೇಡ. ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ದಪ್ಪ ಪುಸ್ತಕದೊಳಗೆ ಸೇರಿಸಿ. ಬೆಳಗಾಗುವಷ್ಟರಲ್ಲಿ ಸಪಾಟಾಗಿರುತ್ತವೆ.

ಇಲ್ಲಿಂದ ಮುಂದೆ ಬೆರಳಿನ ಬದಲು ಚಿಮಟ ಬಳಸಿ. ಅಂಚೆಚೀಟಿಗೆಂದೇ ತುದಿ ಚಪ್ಪಟೆಯಾಗಿರುವ ಚಿಮಟ ಸಿಗುತ್ತದೆ. ಚೂಪು ತುದಿಯದ್ದು ಬೇಡ, ಕಾಗದ ಚುಚ್ಚುತ್ತದೆ. ಇಡುವುದಕ್ಕೆ ಸ್ಟಾಕ್ ಬುಕ್, ಅಂದರೆ ಚೀಟಿ ಸಿಕ್ಕಿಸುವ ಪಟ್ಟಿಗಳಿರುವ ಪುಸ್ತಕ ಒಳ್ಳೆಯದು, ಬೇಕೆಂದಾಗ ಜಾಗ ಬದಲಿಸಬಹುದು. ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆಗಳು ಮಾತ್ರ ಬೇಡವೇ ಬೇಡ. ವರ್ಷಗಳು ಕಳೆದ ಹಾಗೆ ಅವು ಜಿಗುಟಾಗಿ ಚೀಟಿಯ ಬಣ್ಣ ಕೆಡಿಸುತ್ತವೆ. ಪುಸ್ತಕವನ್ನು ಬಿಸಿಲು, ತೇವ ತಾಗದ ಕಡೆ ನೆಟ್ಟಗೆ ನಿಲ್ಲಿಸಿ.

ಜೋಡಿಸುವ ಕ್ರಮ ನಿಮ್ಮಿಷ್ಟ. ಹೆಚ್ಚಿನವರು ದೇಶದ ಪ್ರಕಾರ ಇಡುತ್ತಾರೆ. ಕೆಲವರು ಹಕ್ಕಿ, ರೈಲು, ಹೂವು ಅಂತ ವಿಷಯ ಹಿಡಿಯುತ್ತಾರೆ. ನಾನು ಮುದ್ರೆಯ ತಾರೀಕು ನೋಡಿ ಜೋಡಿಸುತ್ತೇನೆ. ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದರವರೆಗೆ ಪ್ರತಿ ದಿನಕ್ಕೂ ಒಂದೊಂದು ಚೀಟಿ, ವರ್ಷ ಯಾವುದಾದರೂ ಸರಿ. ಇದಕ್ಕೆ ದುಬಾರಿ ಚೀಟಿ ಬೇಕಿಲ್ಲ, ಎಲ್ಲರೂ ಎಸೆಯುವ ಮಾಮೂಲಿ ಚೀಟಿಯೇ ಸಾಕು. ಫೆಬ್ರವರಿ 29ರದ್ದು ಸಿಗುವುದು ಮಾತ್ರ ಬಲು ಕಷ್ಟ. ನಿಮಗೆ ಸಿಕ್ಕರೆ ಯಾರಿಗೂ ಕೊಟ್ಟುಬಿಡಬೇಡಿ.