ಲ್ಯಾಪ್‌ಟಾಪ್ ತಾನಾಗಿಯೇ ಆಫ್ ಆಗುತ್ತಿದೆಯೇ? ಮೊದಲು ಹೊತ್ತು ಗುರುತು ಹಾಕಿಕೊಳ್ಳಿ

ಕೆಲಸದ ನಡುವೆ ಪರದೆ ತಟ್ಟನೆ ಕಪ್ಪಾಗಿ ಲ್ಯಾಪ್‌ಟಾಪ್ ಆಫ್ ಆದರೆ, ಅನೇಕರು ಮೊದಲು ಕೈ ಹಾಕುವುದು ವಿಂಡೋಸ್ ಅಳಿಸಿ ಮತ್ತೆ ಹಾಕುವುದಕ್ಕೆ. ದಯವಿಟ್ಟು ಆ ಕೆಲಸವನ್ನು ಕೊನೆಗಿಡಿ. ಸೂಚನೆಯೇ ಇಲ್ಲದೆ ಆಫ್ ಆಗುವುದಕ್ಕೆ ಹೆಚ್ಚಾಗಿ ಬಿಸಿ ಇಲ್ಲವೇ ವಿದ್ಯುತ್ ಪೂರೈಕೆಯ ದೋಷ ಕಾರಣ.

ಮತ್ತೆ ಆನ್ ಆದೊಡನೆ ಮುಖ್ಯ ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಆಮೇಲೆ ಒಂದು ಚೀಟಿ ಇಟ್ಟುಕೊಳ್ಳಿ. ಆಫ್ ಆದ ಸಮಯ, ಆಗ ನಡೆಯುತ್ತಿದ್ದ ಕೆಲಸ, ಚಾರ್ಜರ್ ಹಾಕಿತ್ತೇ, ಬ್ಯಾಟರಿ ಎಷ್ಟಿತ್ತು, ತಳ ಸುಡುತ್ತಿತ್ತೇ ಎಂಬುದನ್ನು ಬರೆಯಿರಿ. ಮೂರು ನಾಲ್ಕು ಸಲ ಬರೆಯುವಷ್ಟರಲ್ಲಿ ಕಾರಣದ ಜಾಡು ಸಿಗುತ್ತದೆ.

ಗೇಮ್ ಅಥವಾ ವಿಡಿಯೊ ಎಡಿಟಿಂಗ್ ವೇಳೆಯಲ್ಲೇ ಹೀಗಾದರೆ ಬಿಸಿಯನ್ನು ಅನುಮಾನಿಸಿ. ತಾಪ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಪ್ರೊಸೆಸರ್ ಮೊದಲು ವೇಗ ತಗ್ಗಿಸುತ್ತದೆ. ಅದೂ ಸಾಲದಿದ್ದರೆ, ಸುಟ್ಟುಹೋಗದಿರಲೆಂದು ಯಂತ್ರವೇ ಆಫ್ ಆಗುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟರೆ ತಳದ ಗಾಳಿಕಿಂಡಿಗಳು ಮುಚ್ಚುತ್ತವೆ. ಗಟ್ಟಿ ಮೇಜಿನ ಮೇಲಿಟ್ಟು ನೋಡಿ. ಫ್ಯಾನ್ ಹಿಂದಿನ ಲೋಹದ ಪದರಗಳ ನಡುವೆ ಧೂಳು ಹತ್ತಿಯಂತೆ ಹೆಪ್ಪುಗಟ್ಟಿರುವುದುಂಟು. ಯಂತ್ರ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಡಬ್ಬಿಯಲ್ಲಿ ಸಿಗುವ ಒತ್ತಡದ ಗಾಳಿಯನ್ನು ಕಿಂಡಿಗಳಿಗೆ ತುಸುತುಸುವೇ ಬಿಡಿ. ಒಂದೇ ಸಮನೆ ಬಿಟ್ಟರೆ ಫ್ಯಾನ್ ಮಿತಿಮೀರಿ ತಿರುಗಿ ಕೆಡಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ. ಅದರ ಸ್ಥಿರ ವಿದ್ಯುತ್ ಒಳಗಿನ ಬಿಡಿಭಾಗಗಳಿಗೆ ಅಪಾಯ. ಧೂಳು ಹೋದರೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ (ಬಿಸಿಯನ್ನು ಹೊರಕ್ಕೆ ಸಾಗಿಸುವ ಲೇಪ) ಒಣಗಿರಬಹುದು. ಅದನ್ನು ಬದಲಿಸುವುದನ್ನು ತಂತ್ರಜ್ಞರಿಗೆ ಬಿಡಿ.

ಬ್ಯಾಟರಿ ಶೇ 30 ತೋರಿಸುತ್ತಿರುವಾಗಲೇ ಆಫ್ ಆಗಿ, ಚಾರ್ಜರ್ ಹಾಕಿದಾಗ ಸರಾಗವಾಗಿ ನಡೆದರೆ ಬ್ಯಾಟರಿ ಸವೆದಿದೆ ಎನ್ನಬಹುದು. ವಿಂಡೋಸ್ ತಯಾರಿಸಿಕೊಡುವ ಬ್ಯಾಟರಿ ಸ್ಥಿತಿಯ ವರದಿಯಾದ ಬ್ಯಾಟರಿ ರಿಪೋರ್ಟ್‌ನಲ್ಲಿ ಮೂಲ ಸಾಮರ್ಥ್ಯವನ್ನೂ ಈಗ ಪೂರ್ತಿ ತುಂಬುವ ಸಾಮರ್ಥ್ಯವನ್ನೂ ಹೋಲಿಸಿ. 50,000 ಮಿಲಿವ್ಯಾಟ್-ಅವರ್ (mWh) ಇದ್ದದ್ದು 20,000ಕ್ಕೆ ಇಳಿದಿದ್ದರೆ ಹೊಸದು ಬೇಕು. ಬ್ಯಾಟರಿ ಉಬ್ಬಿದ್ದರಂತೂ ಬಳಕೆ, ಚಾರ್ಜಿಂಗ್ ಎರಡನ್ನೂ ಆ ಕ್ಷಣವೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಚಾರ್ಜರ್‌ನ ವ್ಯಾಟ್ ಸಂಖ್ಯೆಯನ್ನೂ ನೋಡಿ. 65 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟ್ ಸಾಲದು.

ಯಂತ್ರದಲ್ಲಿ ನಡೆದದ್ದನ್ನೆಲ್ಲ ದಾಖಲಿಸಿ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ವಿಭಾಗದಲ್ಲಿ ಚೀಟಿಯ ಸಮಯಕ್ಕೆ ಹೊಂದುವ ದಾಖಲೆ ಹುಡುಕಿ. ಅದರ ಈವೆಂಟ್ ಐಡಿ (ದಾಖಲೆಯ ಸಂಖ್ಯೆ) 1074 ಇದ್ದರೆ ಯಾವುದೋ ಪ್ರೋಗ್ರಾಂ ಅಥವಾ ಬಳಕೆದಾರರೇ ಆಫ್ ಮಾಡಿಸಿದ್ದಾರೆ, ಅಪ್‌ಡೇಟ್ ಇದ್ದೀತು. 41 ಎಂಬುದನ್ನು ಕಂಡು ಗಾಬರಿಯಾಗುವವರೇ ಹೆಚ್ಚು. ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂದಷ್ಟೇ ಅದರ ಅರ್ಥ, ಕಾರಣವನ್ನು ಅದು ಹೇಳುವುದಿಲ್ಲ. ಆಫ್ ಆಗುವ ಮುನ್ನ ನೀಲಿ ಪರದೆ ಬರುತ್ತಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್‌ನಿಂದ ರ‍್ಯಾಮ್ ಪರೀಕ್ಷಿಸಿ.

ಇಷ್ಟಾದರೂ ತಿಳಿಯದಿದ್ದರೆ, ಆನ್ ಮಾಡುವಾಗ ಬಯೋಸ್ ಪರದೆಗೆ (ವಿಂಡೋಸ್ ಶುರುವಾಗುವ ಮುನ್ನವೇ ತೆರೆಯಬಹುದಾದ ಯಂತ್ರದ ಸೆಟ್ಟಿಂಗ್ ಪರದೆ) ಹೋಗಿ, ಏನನ್ನೂ ಬದಲಿಸದೆ ಅರ್ಧ ಗಂಟೆ ಹಾಗೆಯೇ ಬಿಡಿ. ಅಲ್ಲಿ ವಿಂಡೋಸ್ ಓಡುತ್ತಿರುವುದೇ ಇಲ್ಲ. ಅಲ್ಲಿಯೂ ಆಫ್ ಆದರೆ ದೋಷ ಯಂತ್ರದ ಒಳಗೇ ಇದೆ. ರಿಪೇರಿಗೆ ಕೊಡುವಾಗ ಆ ಚೀಟಿಯನ್ನೂ ಜೊತೆಗೆ ಕೊಡಿ.