ಒಂಟಾರಿಯೋದಲ್ಲಿ ಟ್ರಕ್ ಲೈಸೆನ್ಸ್: ಸ್ಕೂಲಿಗೆ ದುಡ್ಡು ಕಟ್ಟುವ ಮೊದಲು

ನಮ್ಮ ಕಡೆ ಲಾರಿ ಕಲಿಯುವ ದಾರಿಯೇ ಬೇರೆ. ಮೊದಲು ಕ್ಲೀನರ್ ಆಗಿ ಹತ್ತಬೇಕು. ಟೈರಿಗೆ ಕಲ್ಲು ಕೊಡಬೇಕು, ಹಿಂದೆ ನಿಂತು "ಬರ್ಲಿ ಬರ್ಲಿ" ಅನ್ನಬೇಕು. ವರ್ಷವೋ ಎರಡು ವರ್ಷವೋ ಕಳೆದ ಮೇಲೆ, ಯಾವುದೋ ಖಾಲಿ ರಸ್ತೆಯಲ್ಲಿ ಡ್ರೈವರಣ್ಣ ಸ್ಟೇರಿಂಗ್ ಕೊಟ್ಟರೆ ಕೊಟ್ಟ. ಇಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ಬ್ರಾಂಪ್ಟನ್‌ನಲ್ಲಿ ಅಷ್ಟಕ್ಕೂ ಸಿಗುವುದು 103.5 ಗಂಟೆ. ಅಷ್ಟರಲ್ಲಿ 53 ಅಡಿ ಟ್ರೇಲರ್ ಎಳೆಯುವುದು ಕಲಿಯಬೇಕು. ಆ ಗಂಟೆಗಳು ನಿಮಗೆ ಪೂರ್ತಿ ಸಿಗುತ್ತವಾ ಅನ್ನುವುದೇ ಮೊದಲ ಪ್ರಶ್ನೆ. ಫೀಸಿನ ಮಾತು ಆಮೇಲೆ.

ಇಷ್ಟಾದರೂ ಕಲಿಸಲೇಬೇಕು ಅನ್ನುವ ಈ ಲೆಕ್ಕ ಸರ್ಕಾರದ್ದು. 2017ರ ಜುಲೈ 1ರಿಂದ ಒಂಟಾರಿಯೋದಲ್ಲಿ ಕ್ಲಾಸ್ ಎ, ಅಂದರೆ ದೊಡ್ಡ ಟ್ರೇಲರ್ ಎಳೆಯುವ ಲೈಸೆನ್ಸಿನ ರೋಡ್ ಟೆಸ್ಟಿಗೆ ಹೋಗುವವರು ಈ ತರಬೇತಿ ಮುಗಿಸಿರಲೇಬೇಕು. ಹೊಸಬರಿಗೆ ಕಡ್ಡಾಯವಾದ ಈ ತರಬೇತಿಯನ್ನು ಎಲ್ಲರೂ ಇಂಗ್ಲಿಷಿನ ಮೊದಲಕ್ಷರ ಸೇರಿಸಿ 'ಮೆಲ್ಟ್' ಅಂತಾರೆ. ತರಗತಿಯಲ್ಲಿ 36.5 ಗಂಟೆ, ಯಾರ್ಡಿನಲ್ಲಿ 17, ರಸ್ತೆಯ ಮೇಲೆ ಸ್ಟೇರಿಂಗ್ ಹಿಡಿದು 32, ರಿವರ್ಸ್ ಹಾಕುವುದಕ್ಕೆ 18. ಏರ್ ಬ್ರೇಕ್ ಸೇರಿಸಿ ಕೈಗೆ ಬರುವುದನ್ನು 'ಎಝಡ್' ಅನ್ನುತ್ತಾರೆ. ಆಗ ಕೆನಡಾದ ಬೇರೆ ಕಡೆ ಇಂಥ ಕಡ್ಡಾಯ ಇರಲಿಲ್ಲ. 2018ರ ಏಪ್ರಿಲ್‌ನಲ್ಲಿ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಹಂಬೋಲ್ಟ್ ಊರಿನ ಐಸ್ ಹಾಕಿ ತಂಡದ ಬಸ್ಸಿಗೂ ಒಂದು ಟ್ರಕ್ಕಿಗೂ ಡಿಕ್ಕಿಯಾಗಿ 16 ಜನ ಸತ್ತರು. ಟ್ರಕ್ ಓಡಿಸುತ್ತಿದ್ದವನು ಭಾರತದಿಂದ ಬಂದ ಹುಡುಗ, ಕೆಲಸಕ್ಕೆ ಹೊಸಬ. ಆಮೇಲೆ ಸಸ್ಕಾಚೆವನ್, ಆಲ್ಬರ್ಟಾ, ಮ್ಯಾನಿಟೋಬಾ ಕೂಡ 2019ರಲ್ಲಿ ತರಬೇತಿ ಕಡ್ಡಾಯ ಮಾಡಿದವು.

ಸ್ಕೂಲ್ ಹುಡುಕುವ ಮೊದಲು ನಿಮ್ಮ ಕಾಗದ ನೋಡಿಕೊಳ್ಳಿ. ವಯಸ್ಸು 18 ಆಗಿರಬೇಕು, ಕಾರಿನ ಪೂರ್ತಿ ಜಿ ಲೈಸೆನ್ಸ್ ಇರಬೇಕು. ಅದಕ್ಕೂ ಮೊದಲಿನ ಹಂತದ ಜಿ1, ಜಿ2 ನಡೆಯುವುದಿಲ್ಲ. ವೈದ್ಯರ ವರದಿ, ಕಣ್ಣಿನ ಪರೀಕ್ಷೆ, ಬರಹದ ಪರೀಕ್ಷೆ ಇವೆ. ಊರಿನಿಂದ ಹೊಸದಾಗಿ ಬಂದವರು ಅಲ್ಲಿನ ಲೈಸೆನ್ಸಿಗೆ ಆರ್‌ಟಿಓದಿಂದಲೋ ಇಲ್ಲಿನ ಭಾರತೀಯ ಕಾನ್ಸುಲೇಟಿನಿಂದಲೋ ದೃಢೀಕರಣ ಪತ್ರ ತರಿಸಿಕೊಳ್ಳಿ. ಎರಡು ವರ್ಷಕ್ಕಿಂತ ಜಾಸ್ತಿ ಅನುಭವ ತೋರಿಸಿದರೆ ಜಿ ಟೆಸ್ಟಿಗೆ ಕಾಯುವುದು ತಪ್ಪುತ್ತದೆ.

ಈಗ ಸ್ಕೂಲು. ಒಂಟಾರಿಯೋ ಸರ್ಕಾರದ ವೆಬ್‌ಸೈಟಿನಲ್ಲಿ ನೋಂದಾಯಿತ ಕರಿಯರ್ ಕಾಲೇಜುಗಳ, ಅಂದರೆ ಕೆಲಸ ಕಲಿಸುವ ಖಾಸಗಿ ಸ್ಕೂಲುಗಳ ಪಟ್ಟಿ ಇದೆ. ಹೆಸರು ಅಲ್ಲಿದ್ದರೆ ಸಾಲದು, ಟ್ರಕ್ ಕೋರ್ಸಿಗೂ ಒಪ್ಪಿಗೆ ಸಿಕ್ಕಿರಬೇಕು. ಕಾರು ಕಲಿಸುವ ಅಂಗಡಿಯವರು "ಅದೂ ಮಾಡಿಸ್ತೀವಿ" ಅಂದರೆ ಆ ಪಟ್ಟಿ ತೆಗೆದು ತೋರಿಸಿ ಅನ್ನಿ. ನೋಂದಾಯಿತ ಸ್ಕೂಲಿನಲ್ಲಿ ಕರಾರು ಕೈಗೆ ಬಂದ ಎರಡು ದಿನದೊಳಗೆ ಬರಹದಲ್ಲಿ ಬೇಡ ಅಂದರೆ ಕಟ್ಟಿದ ದುಡ್ಡು ಪೂರ್ತಿ ವಾಪಸ್ ಬರುತ್ತದೆ. ಮಧ್ಯೆ ಸ್ಕೂಲ್ ಬಾಗಿಲು ಹಾಕಿದರೆ ಕೋರ್ಸ್ ಮುಗಿಸಿಕೊಡಲಿಕ್ಕೆ ಒಂದು ನಿಧಿಯೂ ಇದೆ. ಕೆಲಸ ಕಳೆದುಕೊಂಡವರು ಫೀಸಿಗೆ ನೆರವು ಕೊಡುವ ಸರ್ಕಾರದ 'ಬೆಟರ್ ಜಾಬ್ಸ್ ಒಂಟಾರಿಯೋ' ಯೋಜನೆ ವಿಚಾರಿಸಿ. ಆದರೆ ಮೊದಲು ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ಸೇರಿ.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹೇಳಿದರು ಅಂತ, ಎಲ್ಲರಿಗಿಂತ ಕಡಿಮೆ ಫೀಸಿನ ಜಾಗಕ್ಕೆ ಸೇರಿದೆ. ಆಫೀಸು ಚೆನ್ನಾಗಿತ್ತು, ಚಹಾನೂ ಕೊಟ್ಟರು. ಯಾರ್ಡ್ ನೋಡಲು ಹೋಗಲೇ ಇಲ್ಲ. ಮೊದಲ ದಿನ ರಸ್ತೆಗೆ ಹೋದಾಗ ಒಂದೇ ಕ್ಯಾಬಿನ್ನಿನಲ್ಲಿ ಮೂವರು ಕಲಿಯುವವರು. ಒಬ್ಬ ಓಡಿಸುತ್ತಿದ್ದರೆ ಇನ್ನಿಬ್ಬರು ಹಿಂದೆ ಮಲಗುವ ಜಾಗದಲ್ಲಿ ಕೂತು ಫೋನ್ ನೋಡುವುದು. ನನ್ನ ಕೈಗೆ ಸ್ಟೇರಿಂಗ್ ಬಂದದ್ದು ನಲವತ್ತು ನಿಮಿಷ. ಸಂಜೆ ಸಹಿಗೆ ಕೊಟ್ಟ ಹಾಳೆಯಲ್ಲಿ ನಾಲ್ಕು ಗಂಟೆ ಅಂತಿತ್ತು. ಕೇಳಿದರೆ, "ಎಲ್ಲರೂ ಹಾಗೇ ಸೈನ್ ಮಾಡ್ತಾರೆ ಭಾಯ್." ಮೊದಲ ವಾರ ನಾನೂ ಮಾಡಿದೆ. ಆಮೇಲೆ ಮಾಡಲಿಲ್ಲ, ಜಗಳವಾಯಿತು. ಕೊನೆಗೆ ಬೇರೆ ಕಡೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ರಿವರ್ಸ್ ಕಲಿತೆ. ಉಳಿಸಿದೆ ಅಂದುಕೊಂಡ ದುಡ್ಡು ಅಲ್ಲಿಗೆ ಹೋಯಿತು.

ರಿವರ್ಸ್ ಅಂದೆನಲ್ಲ, ಅರ್ಧ ವಿದ್ಯೆ ಅದೇ. ಮಂಡ್ಯ ಕಡೆ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರನ್ನು ಹಿಂದಕ್ಕೆ ಹಾಕಿದವರಿಗೆ ಗೊತ್ತು: ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ. ಇಷ್ಟು ವರ್ಷ ಲ್ಯಾಪ್‌ಟಾಪ್ ಮುಂದೆ ಕೂತ ನನ್ನಂಥವನಿಗೆ ಅದು ತಲೆಯಿಂದ ಕೈಗೆ ಇಳಿಯಲು ದಿನಗಳೇ ಬೇಕಾದವು. ಅದಕ್ಕೇ ದುಡ್ಡು ಕಟ್ಟುವ ಮೊದಲು ಹೇಳದೆ ಕೇಳದೆ ಯಾರ್ಡಿಗೆ ಹೋಗಿ, ಸುಮ್ನೆ ಬೇಲಿ ಪಕ್ಕ ನಿಲ್ಲಿ. ಟ್ರಕ್ ಎಷ್ಟಿವೆ, ಜನ ಎಷ್ಟಿದ್ದಾರೆ ಎಣಿಸಿ. ಒಂದು ಟ್ರಕ್ಕು, ಎಂಟು ಜನ ಕಂಡರೆ ವಾಪಸ್ ಬನ್ನಿ. ಇನ್‌ಸ್ಟ್ರಕ್ಟರ್ ಎಷ್ಟು ವರ್ಷ ಲೋಡ್ ಓಡಿಸಿದ್ದಾರೆ ಕೇಳಿ. ತರಬೇತಿಯ ಟ್ರೇಲರ್ 53 ಅಡಿಯದ್ದೇ, ಅಥವಾ ತಿರುಗಿಸಲು ಸುಲಭ ಅಂತ ಚಿಕ್ಕದು ಇಟ್ಟಿದ್ದಾರಾ ನೋಡಿ.

ಗೇರಿನ ವಿಷಯ. 2022ರ ಜುಲೈಯಿಂದ, ಆಟೋಮ್ಯಾಟಿಕ್ ಟ್ರಕ್ಕಿನಲ್ಲಿ ಕ್ಲಾಸ್ ಎ ಟೆಸ್ಟ್ ಕೊಟ್ಟವರಿಗೆ ಮ್ಯಾನುಯಲ್ ಗೇರಿನ ಕ್ಲಾಸ್ ಎ ಟ್ರಕ್ ಓಡಿಸಲು ಅನುಮತಿ ಇಲ್ಲ. ಹೊಸ ಟ್ರಕ್ಕುಗಳು ಹೆಚ್ಚಾಗಿ ಆಟೋಮ್ಯಾಟಿಕ್ಕೇ, ನಿಜ. ಆದರೂ ಮ್ಯಾನುಯಲ್ ಟ್ರಕ್ ಇರುವ ಕಂಪನಿಯ ಕಡೆ ಮನಸ್ಸಿದ್ದರೆ ಮ್ಯಾನುಯಲ್ಲಿನಲ್ಲೇ ಕಲಿಯಿರಿ.

ಎಲ್ಲರೂ ಬೇಸಿಗೆಗೆ ಕಾಯುತ್ತಾರೆ. ನನ್ನ ಕೇಳಿದರೆ ಜನವರಿಯಲ್ಲಿ ಸೇರಿ. ಜುಲೈಯಲ್ಲಿ ಕಲಿತವನು ಮೊದಲ ಹಿಮ ನೋಡುವುದು ಒಂಟಾರಿಯೋದ ಉತ್ತರದಲ್ಲಿರುವ ಥಂಡರ್ ಬೇ ಕಡೆಯ ಹೈವೇ 17ರಲ್ಲಿ, ರಾತ್ರಿ, ಒಬ್ಬನೇ. ಅಲ್ಲಿ ಬಹುಪಾಲು ರಸ್ತೆ ಎರಡೇ ಲೇನ್. ಪಕ್ಕದಲ್ಲಿ ಗುರು ಕೂತಿರುವಾಗಲೇ ಜಾರಿದರೆ ವಾಸಿ, ಅಲ್ವಾ?

"ಕೆಲಸ ಗ್ಯಾರಂಟಿ" ಅನ್ನುವ ಬೋರ್ಡಿಗೆ ಮರುಳಾಗಬೇಡಿ. ಹೊಸಬರನ್ನು ತೆಗೆದುಕೊಳ್ಳಬೇಕಾ ಬೇಡವಾ ಅನ್ನುವುದರಲ್ಲಿ ಕಂಪನಿಯ ಇನ್ಶೂರೆನ್ಸಿನವರ ಮಾತು ದೊಡ್ಡದು. ಹಾಗಾಗಿ ಎರಡು ಮೂರು ಟ್ರಕ್ ಕಂಪನಿಗೆ ನೀವೇ ಫೋನ್ ಮಾಡಿ, ಯಾವ ಸ್ಕೂಲಿನವರನ್ನು ತೆಗೆದುಕೊಳ್ಳುತ್ತೀರಿ ಅಂತ ಕೇಳಿ. ಸ್ಕೂಲಿಗಿಂತ ಅವರು ನಿಜ ಹೇಳುತ್ತಾರೆ. "ನಿನ್ನ ಹೆಸರಲ್ಲೇ ಕಂಪನಿ ತೆರೆದು ಬಾ, ಟ್ಯಾಕ್ಸ್ ಹಿಡಿಯಲ್ಲ" ಅನ್ನುವವರೂ ಸಿಗುತ್ತಾರೆ. ಇಲ್ಲಿ ಅದಕ್ಕೆ 'ಡ್ರೈವರ್ ಇಂಕ್' ಅಂತ ಹೆಸರು. ರಜೆಯ ಸಂಬಳ ಇಲ್ಲ, ಪೆಟ್ಟಾದರೆ ಕೇಳುವವರಿಲ್ಲ, ಟ್ಯಾಕ್ಸಿನವರು ಬಂದರೆ ಬಾಗಿಲಲ್ಲಿ ನಿಲ್ಲುವುದು ನೀವೇ. ಅಮೆರಿಕಕ್ಕೆ ಲೋಡ್ ಒಯ್ಯುವ ಆಸೆ ಇದ್ದರೆ, ಕೆನಡಾದಲ್ಲಿ ಕಾಯಂ ವಾಸದ ಅನುಮತಿ (ಪಿಆರ್) ಇದ್ದರೂ ಭಾರತದ ಪಾಸ್‌ಪೋರ್ಟಿನವರಿಗೆ ಅಲ್ಲಿನ ವೀಸಾ ಬೇಕು.

ಸೇರಿದ ದಿನವೇ ಒಂದು ಚಿಕ್ಕ ನೋಟ್‌ಬುಕ್ ಕೊಂಡುಕೊಳ್ಳಿ. ತಾರೀಖು, ಟ್ರಕ್ ನಂಬರ್, ಎಷ್ಟು ಹೊತ್ತಿಗೆ ಸೀಟಿಗೆ ಹತ್ತಿದಿರಿ, ಎಷ್ಟು ಹೊತ್ತಿಗೆ ಇಳಿದಿರಿ, ಅಷ್ಟು ಬರೆದಿಡಿ. ಸಂಜೆ ಅವರ ಹಾಳೆ ಬಂದಾಗ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಸಹಿ ಹಾಕಿ.