ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಟಿಕೆಟ್ ತಗೊಳ್ಳೋ ಮುಂಚೆ ಇಷ್ಟು ಓದಿ

ಬೇ ಏರಿಯಾಗೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿಗೆ, ಹೊಸದಾಗಿ ಬಂದವರು ಮೊದಲು ನೋಡೋದೇ ಊರು ಎಷ್ಟು ದೂರ ಅಂತ. ಸುಮಾರು 14,000 ಕಿಲೋಮೀಟರ್, ನೇರ ವಿಮಾನವಾದರೆ 16–17 ಗಂಟೆ ಅಂತ ಫೋನು ತೋರಿಸುತ್ತದೆ. ಸುಳ್ಳಲ್ಲ, ಆದರೆ ಅದು ಏರ್‌ಪೋರ್ಟಿಂದ ಏರ್‌ಪೋರ್ಟಿಗೆ. ಮನೆ ಮೈಸೂರಲ್ಲಿದ್ದರೆ ದೇವನಹಳ್ಳಿ ಮುಟ್ಟೋಕೇ ನಾಲ್ಕೈದು ಗಂಟೆ, ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು, ಈ ಕಡೆ ಇಳಿದರೆ ಇಮಿಗ್ರೇಶನ್ ಸಾಲು. ಬಾಗಿಲಿಂದ ಬಾಗಿಲಿಗೆ ಒಂದು ದಿನ ದಾಟುತ್ತದೆ.

ಏರ್ ಇಂಡಿಯಾ ಈ ನೇರ ವಿಮಾನ ಶುರು ಮಾಡಿದ್ದು 2021ರ ಜನವರಿಯಲ್ಲಿ. ಮೊದಲ ಸಲ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಹಾರಿಸಿಕೊಂಡು ಹೋದರು. ಆಮೇಲೆ ಅದು ನಿಂತದ್ದೂ ಉಂಟು, ಮತ್ತೆ ಶುರುವಾದದ್ದೂ ಉಂಟು. ಹಾಗಾಗಿ ಅದನ್ನೇ ನಂಬಿ ಮದುವೆ ಗೃಹಪ್ರವೇಶಕ್ಕೆ ಬರ್ತೀವಿ ಅಂತ ಮಾತು ಕೊಡಬೇಡಿ. ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ, ಯಾವ ದಾರಿ ಹಿಡಿದರೂ ಗಾಳಿಯಲ್ಲಿರೋದು 20 ಗಂಟೆ ಆಸುಪಾಸು. ವ್ಯತ್ಯಾಸವೆಲ್ಲ ನಡುವೆ ಕಾಯೋದರಲ್ಲಿ.

ಒಂದೇ ಒಂದು ಮಾತು ಕೇಳಿ: ಪೂರ್ತಿ ದಾರಿಗೆ ಒಂದೇ ಟಿಕೆಟ್ ಇರಲಿ. ನಾನು ಸ್ವಲ್ಪ ದುಡ್ಡು ಉಳಿಸೋಕೆ ಹೋಗಿ ಅಪ್ಪ ಅಮ್ಮನಿಗೆ ಬೆಂಗಳೂರು–ದೆಹಲಿ ಬೇರೆ, ಅಲ್ಲಿಂದ ಮುಂದಕ್ಕೆ ಬೇರೆ ಟಿಕೆಟ್ ಮಾಡಿದ್ದೆ. ಡಿಸೆಂಬರ್ ತಿಂಗಳು, ದೆಹಲಿಯಲ್ಲಿ ಮಂಜು. ಸೂಟ್‌ಕೇಸಿಗೆ ಕಟ್ಟಿದ್ದ ಕೆಂಪು ರಿಬ್ಬನ್ ಹುಡುಕುತ್ತಾ ಅಪ್ಪ ಬೆಲ್ಟಿನ ಮುಂದೆ ನಿಂತಿದ್ದಾಗಲೇ ಮುಂದಿನ ವಿಮಾನದ ಚೆಕ್‌ಇನ್ ಮುಗಿದಿತ್ತು. ಬೇರೆ ಬೇರೆ ಟಿಕೆಟ್ ಆದರೆ ಎರಡನೇ ಕಂಪನಿಯವರಿಗೆ ಯಾವ ಹೊಣೆಯೂ ಇಲ್ಲ. ಹೊಸ ಟಿಕೆಟ್‌ಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಅಮ್ಮ ಮಾತ್ರ "ಹೋಗ್ಲಿ ಬಿಡಪ್ಪ" ಅಂದಿದ್ದು ಇನ್ನೂ ಜಾಸ್ತಿ ಚುಚ್ಚುತ್ತದೆ.

ಗಡಿಯಾರದ ಲೆಕ್ಕವೂ ವಿಚಿತ್ರ. ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಹನ್ನೆರಡೂವರೆ. ಶುಕ್ರವಾರ ರಾತ್ರಿ ಇಲ್ಲಿ ಹತ್ತಿದರೆ ಬೆಂಗಳೂರಲ್ಲಿ ಇಳಿಯೋದು ಭಾನುವಾರ, ಶನಿವಾರ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಬರುವಾಗ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಇಲ್ಲಿ. ಮಕ್ಕಳು ರಾತ್ರಿ ಎರಡಕ್ಕೆ ಎದ್ದು ಅನ್ನ ಕೇಳುತ್ತವೆ. ಮಾರನೇ ದಿನವೇ ಶಾಲೆಗೆ ಅಟ್ಟಬೇಡಿ.

ಇನ್ನು ಯಾರೂ ಬಾಯಿ ಬಿಡದ ವಿಷಯ. ಅಪರಾತ್ರಿ ಊರಿಂದ ಫೋನ್ ಬಂದರೆ, ಯಾವ ಟಿಕೆಟ್ ಸಿಕ್ಕರೂ ಮನೆ ಮುಟ್ಟೋಕೆ ಒಂದೂವರೆ ದಿನ ಅಂತಲೇ ಇಟ್ಟುಕೊಳ್ಳಿ. ನಮಗಾಗಿ ಕಾಯಬೇಕಾ ಬೇಡವಾ ಅಂತ ಅಣ್ಣ ತಮ್ಮ, ಅಕ್ಕ ತಂಗಿಯರ ಹತ್ತಿರ ಈಗಲೇ ಮಾತಾಡಿಕೊಳ್ಳಿ. ಅಪಶಕುನ ಅಂತಾರೆ, ಅನ್ನಲಿ. ಮುಖ ನೋಡೋಕೆ ಆಗದೆ ಹನ್ನೊಂದನೇ ದಿನಕ್ಕೆ ಹೋಗಿ ಕೂತವರು ನಮ್ಮ ನಡುವೆ ಸುಮಾರು ಜನ ಇದ್ದಾರೆ, ಸಂಕ್ರಾಂತಿಗೆ ಎಳ್ಳು ಹಂಚುವಾಗ ನಗುತ್ತಲೇ ಇರುತ್ತಾರೆ.

ವೀಸಾ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಅಂಟಿಸಿಕೊಳ್ಳೋದು, ಮುಗಿದಿದೆಯಾ ನೋಡಿಕೊಳ್ಳಿ. ಹೋಗೋದೇನೋ ಹೋಗಬಹುದು, ವಾಪಸ್ ಬರೋಕೆ ಅದು ಬೇಕು. ಮತ್ತೆ ಮಗು ಇಲ್ಲೇ ಹುಟ್ಟಿದ್ದು, ಕೈಲಿರೋದು ಅಮೆರಿಕದ ಪಾಸ್‌ಪೋರ್ಟ್ ಅಂದರೆ, ಅಜ್ಜಿ ಮನೆಗೆ ಹೋಗೋಕೂ ಅದಕ್ಕೆ ಭಾರತದ ವೀಸಾನೋ ಓಸಿಐ ಕಾರ್ಡೋ (ವಿದೇಶಿ ಪೌರತ್ವ ಇರೋ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡೋ ಕಾರ್ಡು) ಬೇಕೇ ಬೇಕು, ಅಲ್ವಾ? ಕಾರ್ಡು ಬರೋಕೆ ವಾರಗಟ್ಟಲೆ ಹಿಡಿಯುತ್ತದೆ. ಟಿಕೆಟ್ ಆಮೇಲೆ ನೋಡಿ, ಮೊದಲು ಆ ಅರ್ಜಿ ಹಾಕಿ.